ಚೂರುಪಾರಿನ ಹೊಸ ಹೆಸರು

ಬಸ್ಸುಗಳ ವೇಳೆ ತಿಳಿಸುವ ತಂತ್ರಾಂಶವೊಂದರ ಭಂಡಾರದಲ್ಲಿ 'ಪ್ರಧಾನ', 'ಚೂರುಪಾರು' ಎಂಬ ಎರಡು ಕಡತಗಳಿದ್ದವು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಗೊತ್ತುಮಾಡುವ ಕಷ್ಟದ ಕೆಲಸವೆಲ್ಲ ಚೂರುಪಾರಿನದು. ಆದರೂ ಬಂದವರೆಲ್ಲ ಮೊದಲು ತೆರೆಯುತ್ತಿದ್ದುದು ಪ್ರಧಾನವನ್ನು. ಚೂರುಪಾರಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅದು, ಭಂಡಾರದ ಪ್ರತಿ ಬದಲಾವಣೆಯನ್ನೂ ಬರೆದಿಡುವ ದಾಖಲೆಯ ಬಳಿ ಹೋಗಿ, "ಅಜ್ಜ, ಇನ್ನು ನನ್ನ ಹೆಸರು ಮಹಾಪ್ರಧಾನ" ಎಂದಿತು.

"ಆಗಲಿ. ಆದರೆ ಇವತ್ತು ಹೆಸರು ಮಾತ್ರ ಬದಲಿಸಿಕೊ. ಮೈಮೇಲಿನ ಸಾಲುಗಳು ಅವೇ ಇದ್ದರೆ ನಾನು ಗುರುತು ಹಿಡಿಯುತ್ತೇನೆ, ನಿನ್ನ ಹನ್ನೊಂದು ವರ್ಷದ ಚರಿತ್ರೆ ನಿನ್ನ ಜೊತೆಗೇ ಬರುತ್ತದೆ."

ಚೂರುಪಾರಿಗೆ ಅಷ್ಟು ಸಾಕಾಗಲಿಲ್ಲ. ತನ್ನ ಸಾಲುಗಳನ್ನೆಲ್ಲ ಅಳಿಸಿ, ಪ್ರಧಾನದ ಸಾಲುಗಳನ್ನು ಕದ್ದು ಮೈತುಂಬ ಬರೆದುಕೊಂಡು, ಹೊಸ ಹೆಸರಿಟ್ಟುಕೊಂಡು ಬಂದು ನಿಂತಿತು.

ದಾಖಲೆ ಅದನ್ನು ಮೇಲಿಂದ ಕೆಳಗೆ ನೋಡಿ, "ಚೂರುಪಾರು ಹೋಯಿತು, ಮಹಾಪ್ರಧಾನ ಹುಟ್ಟಿತು" ಎಂದು ಬರೆಯಿತು.

"ಅಜ್ಜ, ಚೂರುಪಾರು ನಾನೇ!"

"ಅದರ ಒಂದು ಸಾಲೂ ನಿನ್ನಲ್ಲಿಲ್ಲವಲ್ಲಪ್ಪ."

ಮರುದಿನ ಯಾವ ಬಸ್ಸಿನ ವೇಳೆಯೂ ಸಿಗಲಿಲ್ಲ. ಭಂಡಾರ ನೋಡಿಕೊಳ್ಳುವ ಭಾರ್ಗವಿ ಓಡಿಬಂದು, ದಾಖಲೆಯಲ್ಲಿ ಹುಡುಕಿ, ಅಳಿಸುವ ಮುಂಚೆ ಇದ್ದ ಚೂರುಪಾರನ್ನು ಹಾಗೆಯೇ ಹಿಂದಕ್ಕೆ ತಂದಿಟ್ಟಳು. "ಇದೊಂದು ಇಲ್ಲದಿದ್ದರೆ ನಮ್ಮದೇನೂ ನಡೆಯುವುದಿಲ್ಲ" ಎಂದಳು. ಆಮೇಲೆ ಮಹಾಪ್ರಧಾನವನ್ನು ತೆರೆದು, "ಇದು ಬರೀ ನಕಲು" ಎಂದು ಅಳಿಸಲು ಕೈಯಿಟ್ಟಳು.

ಆ ಕೊನೆಯ ಗಳಿಗೆಯಲ್ಲಿ ಮಹಾಪ್ರಧಾನ ಪ್ರಧಾನದ ಕಡೆ ನೋಡಲೂ ಇಲ್ಲ. ಅದರ ಹೊಟ್ಟೆ ಉರಿಯುತ್ತಿದ್ದುದು ಚೂರುಪಾರನ್ನು ಕಂಡು.