ಬೆನ್ನಿನ ಗುಳಿ

ಹೂ ಕಟ್ಟುವ ಪುಟ್ಟಗೌರಮ್ಮನ ಮಿದುಳಿನಲ್ಲಿ ಕತ್ತರಿಸುವ ಕಸುಬಿನ ಎರಡು ಕಿಣ್ವಗಳಿದ್ದವು, ಅವಳಿ ಅಕ್ಕತಂಗಿಯರು. ಅಕ್ಕ ಕಸವನ್ನು ಕತ್ತರಿಸಿ ಚೊಕ್ಕಟ ಮಾಡುತ್ತಿದ್ದಳು. ತಂಗಿ ನೆನಪಿನ ಎಳೆಗಳಿಗೇ ಬಾಯಿ ಹಾಕಿದಳು. ಪುಟ್ಟಗೌರಮ್ಮನ ಬೆರಳುಗಳು ಹೂವಿನ ಗಂಟನ್ನು ಮರೆತವು.

ಮೊದಲು ಬಂದ ಔಷಧದ ಕಣ ಗುಂಡಗಿತ್ತು. "ಕತ್ತರಿಸುವ ಬಾಯಿ ಮುಚ್ಚಿದರಾಯಿತು" ಎಂದು ಅದು ಇಬ್ಬರ ಬಾಯಿಗೂ ಬಿರಡೆ ಹಾಕಿತು. ಅಕ್ಕನ ಕೆಲಸವೂ ನಿಂತು ಕಸ ತುಂಬಿತು. ಪುಟ್ಟಗೌರಮ್ಮನಿಗೆ ದಾರ ಯಾವುದೆಂದೇ ತಿಳಿಯದಾಯಿತು. ಡಾಕ್ಟರು ಆ ಔಷಧ ನಿಲ್ಲಿಸಿದರು.

ಆಮೇಲೆ ಒಂದು ಸೊಟ್ಟ ಕಣ ಬಂತು.

"ಈ ಸೊಟ್ಟ ಮೈ ಯಾರ ಬಾಯಿಗೆ ಹೊಂದೀತು?" ಎಂದು ತಂಗಿ ನಕ್ಕಳು.

"ಯಾರ ಬಾಯಿಗೂ ಹೊಂದುವುದಿಲ್ಲ. ನಿಮ್ಮಿಬ್ಬರ ಬಾಯಿ ಒಂದೇ ಅಚ್ಚು. ನನ್ನನ್ನು ಮಾಡಿದವರು ಹನ್ನೊಂದು ವರ್ಷ ನಿಮ್ಮ ಬೆನ್ನು ನೋಡಿದರು. ನಿನ್ನ ಬೆನ್ನಲ್ಲೊಂದು ಗುಳಿಯಿದೆ, ಅಕ್ಕನಿಗಿಲ್ಲ."

ಕಣ ಆ ಗುಳಿಯಲ್ಲಿ ಕೂತಿತು. ಬೆನ್ನು ಬಾಗಿ, ತಂಗಿಯ ಬಾಯಿ ತಾನೇ ಮುಚ್ಚಿಕೊಂಡಿತು.

ಅಕ್ಕ ಹೆದರಿ ಕೇಳಿದಳು: "ಇನ್ನು ನನ್ನ ಸರದಿಯೆ?"

"ನೀವು ಕೆಲಸ ನೋಡಿಕೊಳ್ಳಿ ಅಕ್ಕಾ. ನಿಮ್ಮಲ್ಲಿ ನನಗೆ ಕೂರಲು ಜಾಗವೇ ಇಲ್ಲ."

ಕೆಲವು ತಿಂಗಳ ಮೇಲೆ ಪುಟ್ಟಗೌರಮ್ಮ ಹೂ ಕಟ್ಟುತ್ತಾ ಸೊಸೆಯನ್ನು ಕರೆದರು: "ಈ ದಾರ ಗಿಡ್ಡವಾಯಿತು, ಉದ್ದದ್ದು ಕೊಡಮ್ಮ."