ಕಾರಿನ ಮೇಲಿಟ್ಟ ಎಡೆ

ಕಂಟ್ರಾಕ್ಟರ್ ಬೆಟ್ಟಸ್ವಾಮಿಯ ಕಾರು ವಡೆ ಗಾಡಿಗೆ ಗುದ್ದಿ, ಗಾಡಿಯ ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತಿದ್ದ ಮುದುಕಿ ತೀರಿಕೊಂಡಳು. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ಪರಿಹಾರ ಕೇಳಲು ಮನೆಗೆ ಬಂದ, ವಡೆ ಗಾಡಿ ನಡೆಸುತ್ತಿದ್ದ ಅವಳ ಸೊಸೆಗೆ ಅವನು, "ಕೋರ್ಟಿಗೆ ಹೋಗಮ್ಮ. ತೀರ್ಪು ಬರೋಷ್ಟರಲ್ಲಿ ನೀನೂ ನಿಮ್ಮತ್ತೆ ಹತ್ರಾನೇ ಇರ್ತೀಯ" ಎಂದು ನಕ್ಕ.

ತಿಥಿಯ ದಿನ ಅವಳು ಮತ್ತೆ ಬಂದು, ಅವನ ಮನೆಯಂಗಳದಲ್ಲಿ ನಿಂತಿದ್ದ ಕಾರಿನ ಬಾನೆಟ್ ಮೇಲೆ ಬಾಳೆಲೆ ಹಾಕಿ ಎಡೆ ಇಟ್ಟಳು.

"ಏಯ್, ಏನಿದು?"

"ಮನೇಲಿಟ್ಟ ಎಡೆ ಕಾಗೆ ಮುಟ್ಟಲಿಲ್ಲ ಸಾಮಿ. ಅತ್ತೆ ಎಲ್ಲವ್ರೆ ಅಂತ ಹುಡುಕ್ತಾ ಇವ್ನಿ."

ಕಾಗೆಗಳು ಕಪ್ಪಗೆ ಇಳಿದವು. ಒಂದು ಅಗುಳೂ ಉಳಿಯಲಿಲ್ಲ. ಅವನ ಬೀದಿಯ ಕಾಗೆಗಳಿಗೆ ಅವಳು ದಿನಾ ಬೆಳಿಗ್ಗೆ ವಡೆ ಹಾಕಿ ರೂಢಿ ಮಾಡಿಸಿದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ಅವಳು ಹಿಂದಿನ ಕಿಟಕಿಗೆ ಹಣೆಯೊತ್ತಿ ಕೇಳಿದಳು: "ಅತ್ತೆ, ಸೀಟು ಮೆತ್ತಗಿದ್ದದಾ?"

ಸುದ್ದಿ ಹಬ್ಬಿತು. ಡ್ರೈವರ್ ಕೆಲಸ ಬಿಟ್ಟ. ಹೆಂಡತಿ ಕಾರು ಬಿಟ್ಟು ಆಟೋ ಹತ್ತಿದಳು. ಹಿಂದಿನ ಸೀಟಿನಿಂದ ಎಲೆಅಡಿಕೆಯ ವಾಸನೆ ಬರುತ್ತದೆಂದು ಬೆಟ್ಟಸ್ವಾಮಿಗೇ ಅನಿಸತೊಡಗಿತು. ಕೊನೆಗೆ ಅವಳು ಕೇಳಿದಷ್ಟೂ ಕೊಟ್ಟು, "ತಾಯೀ, ಕರ್ಕೊಂಡು ಹೋಗು" ಎಂದು ಕೈಮುಗಿದ.

ಅವಳು ಹಿಂಬಾಗಿಲು ತೆಗೆದಳು. "ಬನ್ನಿ ಅತ್ತೆ, ಇಳೀರಿ." ಗಾಳಿಗೆ ಕೈಯಾಸರೆ ಕೊಟ್ಟು ಗೇಟಿನವರೆಗೆ ಮೆಲ್ಲಗೆ ನಡೆದಳು.

"ಹೋದ್ರಾ?"

ಅವಳು ತಿರುಗಿ ಕಾರಿನ ಕಡೆ ನೋಡಿದಳು.

"ನಮ್ಮತ್ತೆ ಇಳುದ್ರು ಸಾಮಿ. ಪಕ್ಕದಲ್ಲಿ ಕೂತವ್ರಲ್ಲ, ಅವ್ರು ಯಾರ ಮನೆಯವ್ರು?"