ಒಂಟಿ ಟೈರು

ಹೊನ್ನೂರಪ್ಪನ ಜೀಪಿನ ಮುಂದಿನ ಬಲಗಡೆ ಟೈರು ಕಲ್ಲುದಾರಿಯಲ್ಲಿ ಒಡೆದುಹೋಯಿತು. ಎಡಗಡೆಯದು ಒಂಟಿಯಾಯಿತು. ಸವೆದಿದ್ದರೂ ಅದು ಗಟ್ಟಿಯಾಗಿತ್ತು, ಇನ್ನೂ ಓಡುವ ಆಸೆಯಿತ್ತು.

"ಹಾಕಿದರೆ ಎರಡೂ ಹೊಸದೇ ಹಾಕಬೇಕಣ್ಣ" ಎಂದ ಟೈರಂಗಡಿಯ ಬಾಷಾ.

"ಒಂದು ಸಾಕು ಬಿಡೋ" ಎಂದು ಹೊನ್ನೂರಪ್ಪ ದಪ್ಪ ಹಲ್ಲಿನ ಹೊಸ ಟೈರೊಂದನ್ನು ಬಲಕ್ಕೆ ಹಾಕಿಸಿದ.

ಹೊಸ ಟೈರು ಕೇಳಿತು: "ಯಜಮಾನರೇ, ನಾನು ಕೆಸರು, ಮರಳು, ಬಂಡೆ ಎಲ್ಲ ದಾಟುವವಳು. ತಾವು?"

"ನಾನು ಜೊತೆಯಲ್ಲಿ ಹೋಗುವವನಮ್ಮ."

ಜೀಪು ಹೊರಟಿತು. ಹೊನ್ನೂರಪ್ಪ ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಅದು ಎಡಕ್ಕೇ ಎಳೆದು, ಚಹಾದಂಗಡಿಯ ಬೆಂಚಿಗೆ ಹೋಗಿ ತಾಗಿತು. ಕೂತಿದ್ದವರು ಲೋಟ ಹಿಡಿದುಕೊಂಡೇ ಓಡಿದರು.

"ಯಾಕ್ರೀ ನಿಮ್ಮ ಕಡೆಗೇ ಎಳೀತೀರಿ?" ಹೊಸದು ರೇಗಿತು.

"ನಾನು ಎಳೆಯುತ್ತಿಲ್ಲ ತಾಯಿ. ಒಡೆದುಹೋದವಳಷ್ಟೇ ಎತ್ತರಕ್ಕೆ ಸವೆದು, ನಿನಗಿಂತ ಗಿಡ್ಡನಾಗಿಬಿಟ್ಟಿದ್ದೇನೆ."

ಹೊನ್ನೂರಪ್ಪ ತೆಪ್ಪಗೆ ವಾಪಸು ಬಂದು ಎಡಕ್ಕೂ ಹೊಸದನ್ನೇ ಹಾಕಿಸಿದ. ಹಳೆಯದು ಸ್ಟೆಪ್ನಿಯಾಗಿ ಹಿಂಬಾಗಿಲಿಗೇರಿತು. ಜೀಪು ಊರು ದಾಟುವಷ್ಟರಲ್ಲಿ ಮುಂದಿನ ಹೊಸ ಜೋಡಿ ಜಗಳಕ್ಕಿಳಿದಿತ್ತು.

"ಗುರ್ ಗುರ್ ಅನ್ನುವವನು ನೀನು!"

"ನಾನಲ್ಲ, ನೀನು!"

ಹಳೆಯದು ಹಿಂದಿನಿಂದ ಕೂಗಿ ಹೇಳಿತು: "ಜಗಳ ಆಡಿ, ಆಡಿ. ಒಂದೇ ಸಮ ಸವೆಯುವುದು ಹಾಗೇ ಶುರುವಾಗುವುದು."